ಕಿವಿ ಪರೀಕ್ಷೆ

ಮಗ್ಗಗಳ ಗದ್ದಲ ನೇಕಾರನ ಎರಡು ಕಿವಿಗಳನ್ನೂ ತಿಂದುಹಾಕಿತ್ತು. ಕಿವುಡನಿಂದ ಕೆಲಸವಾಗದು ಎಂದು ಗಿರಣಿಯವರು ಅವನನ್ನು ಅವಧಿಗೆ ಮುಂಚೆಯೇ ಮನೆಗೆ ಅಟ್ಟಿದರು. ಪರಿಹಾರ ಸಿಗಬೇಕಾದರೆ ಕಿವಿ ಕೆಟ್ಟಿದೆಯೆಂದು ಗಿರಣಿಯ ಡಾಕ್ಟರು ಬರೆಯಬೇಕು.

ಡಾಕ್ಟರು ಕೇಳಿದ್ದಕ್ಕೆಲ್ಲ ಅವನು ಪಟಪಟನೆ ಉತ್ತರ ಕೊಟ್ಟ.

"ಚೆನ್ನಾಗೇ ಕೇಳುತ್ತಲ್ಲಯ್ಯ ನಿನಗೆ!"

ಜೊತೆಗಿದ್ದ ಹೆಂಡತಿ ಸಿಡಿದಳು. ಅವಳೂ ಅದೇ ಗಿರಣಿಯಲ್ಲಿ ನೂಲು ಸುತ್ತಿದವಳು. "ಕೇಳೋದಲ್ಲ ಸ್ವಾಮಿ, ಕಾಣೋದು! ಆ ಸದ್ದಲ್ಲಿ ನಾವೆಲ್ಲ ತುಟಿ ನೋಡ್ಕೊಂಡೇ ಮಾತಾಡೋದು. ಬಾಯಿಗೆ ಏನಾದ್ರೂ ಅಡ್ಡ ಹಿಡ್ಕೊಂಡು ಕೇಳಿ, ನಿಜ ಗೊತ್ತಾಗುತ್ತೆ!"

ಡಾಕ್ಟರು ಮುಖಕ್ಕೆ ಕಾಗದ ಅಡ್ಡ ಹಿಡಿದು, "ಊಟ ಆಯ್ತೇನಯ್ಯ?" ಎಂದರು.

ನೇಕಾರ ಪಿಳಿಪಿಳಿ ಕಣ್ಣು ಬಿಟ್ಟ. ಅವಳಿಗೆ ಹೋದ ಜೀವ ಬಂದಂತಾಯಿತು. ದಿಕ್ಕು ತೋಚದೆ ಅವನು ಅವಳತ್ತ ತಿರುಗಿದ. ಮನೆಗೆ ಯಾರು ಬಂದರೂ ಅವರ ಮಾತನ್ನು ಸದ್ದಿಲ್ಲದೆ ತುಟಿಯಲ್ಲೇ ಅವನಿಗೆ ದಾಟಿಸುವುದು ಅವಳ ರೂಢಿ. ಅವಳಿಗೆ ಅರಿವಾಗುವ ಮೊದಲೇ ತುಟಿಗಳು ಡಾಕ್ಟರ ಪ್ರಶ್ನೆಯನ್ನು ಆಡಿಬಿಟ್ಟಿದ್ದವು.

"ಎಲ್ಲಿ ಊಟ ಸ್ವಾಮಿ, ಬೆಳಿಗ್ಗೆಯಿಂದ ಇಲ್ಲೇ ಕೂತಿದೀವಿ," ಎಂದ ಅವನು.

ಡಾಕ್ಟರು ಕಾಗದ ಇಳಿಸಿ, ಕಿವಿ ನೆಟ್ಟಗಿದೆ ಎಂದು ಅದರ ಮೇಲೆಯೇ ಬರೆದು ಸಹಿ ಹಾಕಿದರು.

"ಸರಿಯಾಗಿ ಹೇಳಿದ್ನೇನೇ?" ಎಂದು ಗಂಡ ಕೇಳಿದ.

ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು.