ಚಮಚವಿಲ್ಲದ ಮನೆ

ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಮೂವರು ಹೆಂಗಸರಿದ್ದ ಆ ಮನೆಯಲ್ಲಿ ಎಲ್ಲವೂ ಇತ್ತು, ಚಮಚ ಒಂದನ್ನು ಬಿಟ್ಟು. ತಂದದ್ದು ತಂದಂತೆ ಮಂಗಮಾಯವಾಗುತ್ತಿತ್ತು. ಟೀಚರಮ್ಮ ಪೆನ್ಸಿಲ್‌ನಿಂದ ಟೀ ಕಲಕುತ್ತಿದ್ದರು. ದೊಡ್ಡಕ್ಕ ಬಾಚಣಿಗೆಯ ಹಿಡಿಯಿಂದ ಕಲಕಿ, ಅದೇ ಬಾಚಣಿಗೆಯಿಂದ ತಲೆ ಬಾಚಿಕೊಂಡು, ಈ ಮನೆಗೆ ಅದ್ಯಾವ ದರಿದ್ರ ವಕ್ಕರಿಸಿದೆಯೋ ಎಂದು ಗೊಣಗುತ್ತಿದ್ದಳು. ಹೊಸದಾಗಿ ಬಂದ ಮೂಟೆಯಕ್ಕ ಮಾತ್ರ ಕಲಕುವ ಗೋಜಿಗೇ ಹೋಗದೆ, ತಳದ ಸಕ್ಕರೆಯನ್ನು ಕೊನೆಯ ಗುಟುಕಿನಲ್ಲಿ ಮುಗಿಸುತ್ತಿದ್ದಳು. ಚಮಚದ ಮಾತು ಬಂದರೆ ಅವಳು ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಎನ್ನುವುದಾದರೂ ಹೇಗೆ? ನಾಲ್ಕು ಚಮಚಗಳು ಅವಳ ಮೂಟೆಯಲ್ಲೇ, ಹಳೆಯ ಕಾಲುಚೀಲದೊಳಗೆ ಬೆಚ್ಚಗೆ ಮಲಗಿದ್ದವು.

ಕಳ್ಳಿಯೇನಲ್ಲ ಅವಳು. ವರ್ಷಗಟ್ಟಲೆ ಬಸ್ ನಿಲ್ದಾಣದಲ್ಲಿ ಮಲಗಿದವಳಿಗೆ, ಕೈಬಿಟ್ಟ ವಸ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲು ಕೀಳುತ್ತದೆಂಬುದು ಗೊತ್ತು. ಹಾಗಾಗಿ ಉಂಡು ಮುಗಿದೊಡನೆ ಕೈ ತಾನಾಗಿಯೇ ಮೂಟೆಯತ್ತ ಹೋಗುತ್ತಿತ್ತು. ಯಾವತ್ತೋ ಮೂಟೆ ಬಿಚ್ಚಿದಾಗ ಚಮಚಗಳು ಇಣುಕಿ, ಅವಳ ಜೀವ ಬಾಯಿಗೆ ಬಂತು. ಕದ್ದುಮುಚ್ಚಿ ವಾಪಸು ಇಡೋಣವೆಂದರೆ ಅಡುಗೆಮನೆಯಲ್ಲಿ ಯಾವಾಗ ನೋಡಿದರೂ ದೊಡ್ಡಕ್ಕ.

ಆ ಮನೆಗೆ ಬಂದವರೆಲ್ಲ ಹಾಗೇ ಬಂದವರು. ದೊಡ್ಡಕ್ಕ ಸೇತುವೆಯ ಕೆಳಗಿನಿಂದ, ಟೀಚರಮ್ಮ ರೈಲು ನಿಲ್ದಾಣದಿಂದ. ಮೂವರಿಗೂ ತಲೆ ಕೆಟ್ಟಿತ್ತು. ತಲೆಗೆ ಮುಂಚೆ ಮನೆ ಹೋಗಿತ್ತೋ, ಮನೆಗೆ ಮುಂಚೆ ತಲೆ ಹೋಗಿತ್ತೋ, ಈಗ ಅವರಿಗೂ ನೆನಪಿಲ್ಲ. ಮಾತ್ರೆಗಳು ಮನಸ್ಸನ್ನು ಒಂದು ಹದಕ್ಕೆ ತಂದಿದ್ದವು. ಉಳಿದದ್ದನ್ನು ಆ ಬೀದಿಯ ಜನ ನೋಡಿಕೊಂಡರು. ಲಾಂಡ್ರಿ ಯಜಮಾನ ಮಹಡಿ ಬಿಟ್ಟುಕೊಟ್ಟು, ಹೋಟೆಲುಗಳ ಬೆಡ್‌ಶೀಟ್ ಮಡಚುವ ಕೆಲಸವನ್ನೂ ಕೊಟ್ಟಿದ್ದ. ಬೇಕರಿಯವನು ಬ್ರೆಡ್ ಕಳಿಸುತ್ತಿದ್ದ. ಮಾತ್ರೆ ಒಯ್ಯಲು ಯಾರಾದರೂ ಮರೆತರೆ ಔಷಧಿ ಅಂಗಡಿಯವಳು ಬೀದಿಗೆಲ್ಲ ಕೇಳುವಂತೆ ಕಿಟಕಿಯತ್ತ ಕೂಗುತ್ತಿದ್ದಳು. ಬೆನ್ನಿಗೆ ನಿಂತವರು ಸ್ವಲ್ಪ ಮೂಗೂ ತೂರಿಸುತ್ತಾರೆ, ಸಹಿಸಿಕೊಳ್ಳಬೇಕು.

ಮನೆಗೊಂದು ಕಟ್ಟಳೆಯಿತ್ತು. ಹೊಸಬರು ಒಂದು ತಿಂಗಳು ಇದ್ದು ನೋಡಬೇಕು. ತಿಂಗಳು ತುಂಬಿದ ಭಾನುವಾರ, ಮನೆಯ ಉಸ್ತುವಾರಿ ನೋಡುತ್ತಿದ್ದ ನರ್ಸಮ್ಮನ ಎದುರು ಎಲ್ಲರೂ ಕೂತು ಹೂಂ ಅನ್ನಬೇಕು. ಒಬ್ಬರು ಉಹೂಂ ಅಂದರೂ ಮತ್ತೆ, ಇಲ್ಲಿಗೆ ಬರುವ ಮುಂಚೆ ಇದ್ದ ಆಶ್ರಯಧಾಮದ ಹಜಾರ, ಚಾಪೆಗೆ ಚಾಪೆ ತಾಗಿಸಿಕೊಂಡು ಮಲಗುವ ಜಾಗ. ಇಲ್ಲಿ ಮೂಟೆಯಕ್ಕನ ಮಂಚದ ಒಂದು ಬದಿಗೆ ಗೋಡೆಯಿತ್ತು. ಆ ಕಡೆಯಿಂದ ಯಾರೂ ಬರಲಾರರೆಂಬ ನೆಮ್ಮದಿಯಲ್ಲಿ ಅವಳು ಎಷ್ಟೋ ಕಾಲದ ಮೇಲೆ ಬೆಳಗಿನವರೆಗೆ ನಿದ್ದೆ ಮಾಡಿದ್ದಳು. ಇಲ್ಲೇ ಉಳಿಯಬೇಕೆಂದು ಅವಳಿಗೆ ಹೊಟ್ಟೆ ಹಸಿದಷ್ಟೇ ಜೋರಾಗಿ ಅನಿಸುತ್ತಿತ್ತು.

ಆ ಭಾನುವಾರ ನರ್ಸಮ್ಮ ಬಂದರು. ಬೇಕರಿಯವನು ಕೇಕ್ ಕಳಿಸಿದ್ದ. ಟೀಗೆ ಸಕ್ಕರೆ ಹಾಕಿಕೊಂಡ ನರ್ಸಮ್ಮ ಸಹಜವಾಗಿ ಚಮಚ ಕೇಳಿದರು. ದೊಡ್ಡಕ್ಕ ಮುಖ ಗಂಟು ಹಾಕಿಕೊಂಡು, ಉಳಿದ ಮಾತೆಲ್ಲ ಆಮೇಲೆ, ಮೊದಲು ಈ ಚಮಚದ ವಿಷಯ ಇತ್ಯರ್ಥವಾಗಲಿ ಎಂದಳು.

ಎಷ್ಟೋ ದಿನದಿಂದ ಸುಮ್ಮನಿದ್ದ ‘ಒಳಗಿನವಳು’ ಮೂಟೆಯಕ್ಕನ ಕಿವಿಯಲ್ಲಿ ಶುರುಮಾಡಿದಳು. ಒಳಗಿನವಳೆಂದರೆ ಅವಳಿಗೊಬ್ಬಳಿಗೇ ಕೇಳಿಸುವ ದನಿ, ಕಾಯಿಲೆ ಕೊಟ್ಟ ಬಳುವಳಿ. ಕಳ್ಳಿ ಅಂತಾರೆ, ಕತ್ತು ಹಿಡಿದು ದಬ್ಬುತ್ತಾರೆ, ಅದಕ್ಕೆ ಮೊದಲು ನೀನೇ ಜಾಗ ಖಾಲಿ ಮಾಡು, ಎಂದು ಒಂದೇ ಸಮನೆ ಕೊರೆದಳು. ಮೂಟೆಯಕ್ಕ ಬಚ್ಚಲಿಗೆ ಹೋಗುವವಳಂತೆ ಎದ್ದು, ಮೂಟೆ ಬೆನ್ನಿಗೇರಿಸಿ, ಹಿಂದಿನ ಮೆಟ್ಟಿಲಲ್ಲಿ ಕಾಲಿಗೆ ಬುದ್ಧಿ ಹೇಳಿದಳು.

ಆದರೆ ಮೆಟ್ಟಿಲು ಮೆಟ್ಟಿಲಿಗೂ ಬೆನ್ನಲ್ಲಿ ಕಿಣಿಕಿಣಿ. ಕೆಳಗೆ ಇಸ್ತ್ರಿ ಮಾಡುತ್ತಿದ್ದ ಯಜಮಾನ ತಲೆಯೆತ್ತಿ ನೋಡಿದ. ಆಮೇಲೆ ಮೇಲಕ್ಕೆ ಮುಖ ಮಾಡಿ, "ದೊಡ್ಡಕ್ಕಾ, ನಿಮ್ಮ ಚಮಚ ಮೆಟ್ಟಿಲು ಇಳೀತಾ ಇದೆ ನೋಡಿ," ಎಂದ.

ವಾಪಸು ಹತ್ತುವುದರ ಹೊರತು ಬೇರೆ ದಾರಿಯಿರಲಿಲ್ಲ. ಮೂಟೆಯಕ್ಕ ತಲೆ ತಗ್ಗಿಸಿ ಮೇಜಿನ ಮೇಲೆ ಕಾಲುಚೀಲ ಕೊಡವಿದಳು. ನಾಲ್ಕೂ ಬಿದ್ದವು. ಬೇಕೂಂತ ಮಾಡಿದ್ದಲ್ಲ, ಕೈ ಅಭ್ಯಾಸ, ಎಂದು ತೊದಲಿ, ಬೈಗುಳಕ್ಕೆ ಕಾದು ನಿಂತಳು.

ಬೈಗುಳ ಬರಲಿಲ್ಲ. ದೊಡ್ಡಕ್ಕ ಕೆಮ್ಮಿದಳು, ಸೀರೆಯ ನೆರಿಗೆ ಸರಿಮಾಡಿಕೊಂಡಳು, ಹಿಟ್ಟಿನ ಡಬ್ಬಿಯೊಳಗೆ ಮೊಣಕೈಯವರೆಗೆ ಕೈ ಇಳಿಸಿದಳು. ಹಿಟ್ಟು ಮೆತ್ತಿದ ಚಮಚಗಳು ಒಂದೊಂದಾಗಿ ಹೊರಬಂದವು, ಬರುತ್ತಲೇ ಇದ್ದವು. ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದವಳ ಕೈಚಳಕ ನೋಡಿ ನರ್ಸಮ್ಮ ಟೀ ಲೋಟ ಕೆಳಗಿಟ್ಟರು. ಟೀಚರಮ್ಮ ಸದ್ದಿಲ್ಲದೆ ಎದ್ದು ಹೋಗಿ ದಿಂಬಿನ ಚೀಲ ತಂದು ಸುರಿದರು. ಅದರಿಂದ ಚಮಚಗಳ ಜೊತೆ ಪಾತ್ರೆಯ ಮುಚ್ಚಳವೂ ಉರುಳಿತು. ಮುಚ್ಚಳ ಯಾಕೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಮೊದಲು ನಕ್ಕದ್ದು ಟೀಚರಮ್ಮ. ಆಮೇಲೆ ಯಾರು ಯಾರ ಮೇಲೆ ಬಿದ್ದು ನಕ್ಕರೋ ಹೇಳುವುದು ಕಷ್ಟ. ದೊಡ್ಡಕ್ಕ ಕಣ್ಣೊರೆಸಿಕೊಂಡು ಮನೆಗೆ ಹೊಸ ಕಟ್ಟಳೆ ಮಾಡಿದಳು.

"ಬಚ್ಚಿಡಬೇಡಿ ಅಂದ್ರೆ ನಮ್ಮ ಕೈಲಿ ಆಗೋ ಮಾತಲ್ಲ. ಬಚ್ಚಿಡಿ. ಆದ್ರೆ ಎಲ್ಲಿ ಅಂತ ಹೇಳಿ ಬಚ್ಚಿಡಿ."

ಇನ್ನು ಉಳಿದದ್ದು ನರ್ಸಮ್ಮ ಬಂದ ಕೆಲಸ. ದೊಡ್ಡಕ್ಕ, ಇವಳಷ್ಟು ನೆಟ್ಟಗೆ ಬೆಡ್‌ಶೀಟಿನ ಮೂಲೆ ಹಿಡಿಯುವವರು ಸಿಗುವುದಿಲ್ಲ ಎಂದು ಹೂಂಗುಟ್ಟಿದಳು. ಟೀಚರಮ್ಮ ಆಗಲೇ ಕೇಕ್ ಕತ್ತರಿಸುತ್ತ ತಲೆಯಾಡಿಸಿದರು. ನರ್ಸಮ್ಮ ಮಾತ್ರ ಅಷ್ಟಕ್ಕೇ ಒಪ್ಪಲಿಲ್ಲ. ಇಲ್ಲಿರುವುದು ಮೂವರು, ಇಬ್ಬರ ಮಾತಷ್ಟೇ ಬಂತು ಎಂದರು. ಮೂಟೆಯಕ್ಕನ ಕಡೆ ತಿರುಗಿ, "ನಿಮಗೇನು ಬೇಕು, ಹೇಳಿ," ಎಂದರು.

ಅವಳಿಗೆ ಎದ್ದೇಳು ಎಂದವರಿದ್ದರು, ಆಚೆ ಹೋಗು ಎಂದವರಿದ್ದರು, ಸಹೋದರರೇ ಬರಬೇಡ ಎಂದಿದ್ದರು. ಏನು ಬೇಕೆಂದು ಕೇಳಿದವರು ನೆನಪಿಗೇ ಬರಲಿಲ್ಲ. ಬಾಯಿ ಬಿಡಬೇಡ, ಕೇಳಿದರೆ ನಗುತ್ತಾರೆ, ಎಂದಳು ಒಳಗಿನವಳು. ಸ್ವಲ್ಪ ಸುಮ್ಮನಿರು ಮಾರಾಯ್ತಿ, ಎಂದು ಮೂಟೆಯಕ್ಕ ಮನಸ್ಸಿನಲ್ಲೇ ಅವಳನ್ನು ಗದರಿಕೊಂಡಳು.

"ನಾನು ಇಲ್ಲೇ ಇರ್ಬೇಕು," ಎಂದಳು ಗಟ್ಟಿಯಾಗಿ. ಆಮೇಲೆ ದನಿ ಒಡೆಯಿತು. "ನನ್ನ ಕಳಿಸ್ಬೇಡಿ."

ದೊಡ್ಡಕ್ಕ ಚಮಚಗಳ ಹಿಟ್ಟು ಒರೆಸುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಕಳಿಸೋಕೆ ಇಲ್ಲಿ ಯಾರಿದಾರೆ ಹುಡುಗಿ? ಇರೋದು ನಾವೇ ತಾನೆ."

ಆ ನಾವು ಎಂಬುದರಲ್ಲಿ ತಾನೂ ಸೇರಿದ್ದೇನೆಂದು ಹೊಳೆಯಲು ಮೂಟೆಯಕ್ಕನಿಗೆ ತುಸು ಹೊತ್ತು ಹಿಡಿಯಿತು. ಹೊಳೆದ ಮೇಲೆ ಅವಳು ಅತ್ತ ಅಳು ಕೆಳಗೆ ಲಾಂಡ್ರಿಯವರೆಗೂ ಕೇಳಿಸಿತು.