ಸೊನ್ನೆಗೆ ಮರಳಿದ ಪಾದರಸ

ನಾನು ರಕ್ತದೊತ್ತಡ ಅಳೆಯುವ ಯಂತ್ರ. ಕಾರ್ಖಾನೆಯಲ್ಲಿ ನನ್ನ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಕ್ಕದಲ್ಲಿ ಅಂಕಿಗಳ ತಗಡು ಕೂರಿಸಿ, ಎರಡು ಸ್ಕ್ರೂ ಬಿಗಿದರು. ಬ್ಯಾಡಗಿಯಲ್ಲಿ ದವಾಖಾನೆ ತೆರೆದ ಡಾಕ್ಟರ್ ಶಿರಗುಪ್ಪಿಯವರು ನನ್ನನ್ನು ಕೊಂಡು ತಂದು ನರ್ಸ್ ಸುಗಂಧಾ ಸಿಸ್ಟರ್ ಕೈಗೆ ಕೊಟ್ಟರು.

ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ರೋಗಿಗಳು ಬಂದು ಕೂರುತ್ತಿದ್ದರು. ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರೆ ನೆತ್ತರು ಅಲ್ಲೇ ನಿಲ್ಲುತ್ತದೆ. ಗಾಳಿ ಬಿಡುತ್ತ ಬಂದಂತೆ ನೆತ್ತರು ನುಗ್ಗುವ ಮೊದಲ ಸದ್ದು ಸ್ಟೆತಾಸ್ಕೋಪಿನಲ್ಲಿ ಕೇಳುತ್ತದೆ. ಆಗ ನಾನು ತೋರಿಸುವ ಅಂಕಿ ಹೃದಯ ಹಿಂಡಿದಾಗಿನ ಒತ್ತಡ. ಸದ್ದು ನಿಂತಾಗಿನ ಅಂಕಿ ಹೃದಯ ಸಡಿಲಗೊಂಡಾಗಿನದು. ಊರಿನವರ ಎದೆಯ ಗುಟ್ಟೆಲ್ಲ ನನಗೆ ಗೊತ್ತೆಂದು ಜಂಬಪಡುತ್ತಿದ್ದೆ.

ಒಮ್ಮೆ ಮೇಜಿನಿಂದ ಬಿದ್ದೆ. ಸ್ಕ್ರೂ ಸಡಿಲಾಗಿ ತಗಡು ಕೆಳಗೆ ಜಾರಿತು. ಸುಮ್ಮನಿದ್ದಾಗಲೂ ಪಾದರಸ ಹತ್ತನ್ನು ತೋರಿಸತೊಡಗಿತು. ಸಿಸ್ಟರ್ ಜಾಣೆ. ಎರಡು ವರ್ಷ ಹತ್ತು ಕಳೆದೇ ಬರೆದರು. ಆಮೇಲೊಂದು ಭಾನುವಾರ, ಸಿಸ್ಟರ್ ರಜೆಯಲ್ಲಿದ್ದಾಗ, ಡಾಕ್ಟರೇ ತಗಡನ್ನು ಮೇಲೆತ್ತಿ ಸ್ಕ್ರೂ ಬಿಗಿದರು. ಪಾದರಸ ಮತ್ತೆ ಸೊನ್ನೆಗೆ ನಿಂತಿತು. ನನಗೆ ಮರುಜನ್ಮ ಬಂದಂತಾಯಿತು.

ಮರುದಿನ ಫಕ್ಕೀರವ್ವ ಬಂದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ, ಎಂಟು ತಿಂಗಳ ಬಸುರಿ.

"ಅಕ್ಕಾರ, ತಲಿ ಭಾಳ ಸಿಡ್ಯಾಕತ್ತೈತ್ರಿ. ಕಾಲೂ ಬಾತಾವು."

ನಾನು ನೂರಾ ನಲವತ್ತೆಂಟು, ತೊಂಬತ್ತೆಂಟು ತೋರಿಸಿದೆ. ಬಸುರಿಗೆ ಅದು ಅಪಾಯದ ಒತ್ತಡ. ಸಿಸ್ಟರ್ ರೂಢಿಯಂತೆ ಹತ್ತು ಕಳೆದು ನೂರಾ ಮೂವತ್ತೆಂಟು, ಎಂಬತ್ತೆಂಟು ಎಂದು ಬರೆದರು.

"ಏನೂ ಭಯ ಇಲ್ಲವ್ವಾ. ಮನಿಗ್ ಹೋಗಿ ಮಲ್ಕೋ."

ಮರುದಿನವೇ ಅವಳಿಗೆ ಫಿಟ್ಸ್ ಬಂತು. ಹಾವೇರಿಗೆ ಒಯ್ದರು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಸುದ್ದಿ ಕೇಳಿ ಸಿಸ್ಟರ್ ಓಡಿಬಂದು ನನ್ನ ಮುಚ್ಚಳ ತೆಗೆದರು. ಪಾದರಸ ಸೊನ್ನೆಯಲ್ಲಿತ್ತು. ಡಾಕ್ಟರ ಮುಖ ಕಪ್ಪಿಟ್ಟಿತು.

"ಸ್ಕ್ರೂ ನಾನ ಬಿಗಿ ಮಾಡಿದ್ದೆ, ಸಿಸ್ಟರ್. ನಿಮಗ ಹೇಳೂದು ಮರ್ತಬಿಟ್ಟೆ."

"ನಾ ಒಮ್ಮೆ ಸೊನ್ನಿ ನೋಡಿದ್ರ ಸಾಕಿತ್ರಿ, ಸರ," ಎಂದು ಸಿಸ್ಟರ್ ಬಿಕ್ಕಿದರು.

ಅಂದಿನಿಂದ ನನ್ನನ್ನು ಯಾರೂ ಬಳಸಲಿಲ್ಲ. ಬ್ಯಾಟರಿಯ ಯಂತ್ರ ಬಂತು. ನಾನು ಗಾಜಿನ ಕಪಾಟು ಸೇರಿದೆ.

ಮೂರು ವರ್ಷದ ಮೇಲೆ ಫಕ್ಕೀರವ್ವ ಮತ್ತೆ ಬಸುರಿಯಾಗಿ ಬಂದು ಸಿಸ್ಟರ್ ಕೈ ಹಿಡಿದಳು. "ಆವಾಗ ನೀವು ಚೊಲೋನ ನೋಡಿದ್ರಿ, ಅಕ್ಕಾರ. ನನ್ನ ಹಣೇಬರಾನ ಸರಿ ಇರಲಿಲ್ಲ."

ಸಿಸ್ಟರ್ ಹೊಸ ಯಂತ್ರದ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದರು.

ಅದು ಹಣೆಬರಹವಲ್ಲ ತಂಗಿ, ನಿನ್ನ ನೆತ್ತರು ಅಂದು ನಿಜವನ್ನೇ ಹೇಳಿತ್ತು, ನಾನೂ ಹೇಳಿದ್ದೆ ಎಂದು ಕೂಗಬೇಕೆನಿಸಿತು. ನನಗೆ ಬಾಯಿಲ್ಲ. ಬಾಯಿದ್ದವರೂ ಅವಳಿಗೆ ಇದುವರೆಗೆ ಹೇಳಿಲ್ಲ.