ಎದುರಿನವರ ಕೈ

ತೀರಿಕೊಂಡ ಅಮ್ಮನ ಪಾದಗಳ ಮೇಲೆ ಆಸ್ಪತ್ರೆ ಲಾಂಡ್ರಿಯ ಬೆಡ್‌ಶೀಟಿನ ಅಂಚನ್ನು ಸರಿಪಡಿಸುತ್ತಿದ್ದ ಮಗಳು ಮತ್ತೆ ಬಾಗಿಲ ಕಡೆ ನೋಡಿದಳು. ಯಾರೂ ಬಂದಿರಲಿಲ್ಲ.

“ಆ ಲಾಂಡ್ರಿಗೆ ಜೀವ ತೇದಳು ನನ್ನ ತಂಗಿ,” ಸೋದರಮಾವ ಗೊಣಗಿದ. “ಹೊರೋಕೆ ನಾಲ್ಕು ಜನಕ್ಕೂ ಗತಿ ಇಲ್ವಲ್ಲೇ!”

“ಆಸ್ಪತ್ರೆ ಬಟ್ಟೆ ಮಾವ. ಕೆಲಸ ನಿಲ್ಲಿಸೋಕಾಗಲ್ಲ.”

ಹಾಗೆಂದಳೇ ಹೊರತು ಅವಳಿಗೂ ಅದೇ ಸಿಟ್ಟು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ, ಅಲ್ಲಿಯವರಿಗೆಲ್ಲ ದೊಡ್ಡಕ್ಕ. ಮನೆಗೆ ಬರುತ್ತಿದ್ದದ್ದು ಅವರೆಲ್ಲರಿಗೂ ಆಗಿ ಮಿಕ್ಕ ಅಮ್ಮ. ಅಷ್ಟೆಲ್ಲ ಪಡೆದವರೂ ಬರದಿದ್ದರೆ ಆ ಬಾಳು ಹೋದದ್ದಾದರೂ ಎಲ್ಲಿಗೆ?

ಗೇಟು ಕಿರುಗುಟ್ಟಿತು. ಸಮವಸ್ತ್ರದಲ್ಲೇ ಇಬ್ಬರು ಬಂದರು. ತೋಳುಗಳು ಇನ್ನೂ ಒದ್ದೆ. ನಿಂತರು, ಅತ್ತರು, ಹೊರಟರು. ಅವರು ಗೇಟು ದಾಟುವಷ್ಟರಲ್ಲಿ ಇನ್ನಿಬ್ಬರು. ಆಮೇಲೆ ಮತ್ತಿಬ್ಬರು. ಸಾಲು ಮುಗಿಯುವಂತೆಯೇ ಕಾಣಲಿಲ್ಲ. ಮಾವ ಎದ್ದು ಬಂದವರಿಗೆ ದಾರಿ ಬಿಟ್ಟ.

ಲಾಂಡ್ರಿಯ ಹೊಸ ಮ್ಯಾನೇಜರೂ ಬಂದು ಗೋಡೆಗೊರಗಿ ಬೆರಗಾಗಿ ನೋಡುತ್ತಿದ್ದ. “ಅಲ್ಲಿ ಒಂದು ಮೆಷಿನ್ನೂ ನಿಂತಿಲ್ಲ ಕಣಮ್ಮ,” ಎಂದ ಮಗಳಿಗೆ. “ಯಾರು ಯಾವಾಗ ಹೋಗ್ಬೇಕು ಅಂತ ಹೇಳೋಕೆ ಹೋದೆ. ಅಷ್ಟರಲ್ಲಿ ಇವರೇ ಎಲ್ಲಾ ಹಂಚ್ಕೊಂಡಿದ್ರು.”

“ಅದೇನು ದೊಡ್ಡ ವಿಷ್ಯ ಸಾರ್,” ಜೊತೆಗಾರ್ತಿಯೊಬ್ಬಳೊಂದಿಗೆ ಆಗಷ್ಟೇ ಬಂದಿದ್ದ ಲಾಂಡ್ರಿಯ ಇಸ್ತ್ರಿಯವ ಮೂಗೊರೆಸಿಕೊಂಡ. “ದಿನಾ ಬೆಳಿಗ್ಗೆ ದೊಡ್ಡಕ್ಕ ಕೇಳ್ತಿದ್ರು, ‘ಇವತ್ತು ಯಾರ ಕೈ ಭಾರ?’ ಅಂತ. ಮನೇಲಿ ಕಷ್ಟ ಇದ್ದೋರು ಕೈ ಎತ್ಬೇಕು. ಅವರಿಗೆ ಹಗುರದ ಕೆಲಸ, ಅವರ ಕೆಲಸ ಉಳಿದೋರಿಗೆ. ಇವತ್ತೂ ಹಾಗೇ ಕೇಳ್ಕೊಂಡ್ವಿ. ಎಲ್ರೂ ಕೈ ಎತ್ತಿಬಿಟ್ರು. ಇನ್ನೇನ್ ಮಾಡೋದು, ಇಬ್ಬಿಬ್ರಾಗಿ ಹೊರಟ್ವಿ.”

*

ಶಾಲೆಗೆ ರಜೆಯಿದ್ದಾಗ ಅಮ್ಮ ಒಮ್ಮೆ ಅವಳನ್ನು ಲಾಂಡ್ರಿಗೆ ಕರೆದೊಯ್ದಿದ್ದಳು. ಬೆಡ್‌ಶೀಟನ್ನು ಇಬ್ಬರು ಎದುರುಬದುರು ಹಿಡಿದು ಮಡಚುವ ಕೆಲಸ. ಎದುರಿಗಿದ್ದದ್ದು ಕೈ ನಡುಗುವ ಮುದುಕಿ. ಹುಡುಗಿಗೆ ಅವಸರ, ಎಳೆದೇಬಿಟ್ಟಳು. ಒಗೆದ ಬಟ್ಟೆ ನೆಲಕ್ಕೆ ಬಿತ್ತು.

ಇನ್ನು ಬೈಗುಳ ಗ್ಯಾರಂಟಿ ಎಂದುಕೊಂಡಳು. ಅಮ್ಮ ಬಟ್ಟೆಯನ್ನೆತ್ತಿ ತಾನೇ ಮತ್ತೆ ಮೆಷಿನ್ನಿಗೆ ಹಾಕಿ ಬಂದಳು. “ಬಟ್ಟೆ ನೋಡ್ಬೇಡ ಪುಟ್ಟಿ, ಎದುರಿನವರ ಕೈ ನೋಡು,” ಎಂದಳು. ಅಷ್ಟೇ.

“ನನ್ನ ಕೈ ಯಾವತ್ತಮ್ಮ ನೋಡಿದೀಯಾ?” ಎಂದು ಮಗಳು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಜಗಳದಲ್ಲಿ. ಅಂದಿನಿಂದ ಅಮ್ಮನೊಡನೆ ಮಗಳು ಮಾತು ಬಿಟ್ಟಳು.

*

“ಒಂದೇ ಒಂದು ದಿನ ದೊಡ್ಡಕ್ಕನೂ ಕೈ ಎತ್ತಿದ್ರಮ್ಮ,” ಇಸ್ತ್ರಿಯವ ಅವಳತ್ತ ತಿರುಗಿದ. “‘ಮಗಳು ಮಾತು ಬಿಟ್ಟಿದ್ದಾಳೆ ಕಣ್ರೋ’ ಅಂದ್ರು. ಮಧ್ಯಾಹ್ನಾನೇ ಮನೆಗೆ ಅಟ್ಟಿದ್ವಿ.”

ಮಗಳಿಗೆ ಆ ದಿನ ನೆನಪಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅಮ್ಮ ಆ ಮಧ್ಯಾಹ್ನ, ಒಣಗಿದ ಬೆಡ್‌ಶೀಟಿನ ಒಂದು ತುದಿ ಹಿಡಿದು ಇನ್ನೊಂದನ್ನು ಇವಳ ಕಡೆ ಚಾಚಿ ನಿಂತಿದ್ದಳು. ಇವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಅಮ್ಮ ಎಷ್ಟು ಹೊತ್ತು ಹಾಗೇ ನಿಂತಿದ್ದಳೋ ಏನೋ.

ಶವದ ವ್ಯಾನು ಬಂತು. ಹೊರಡುತ್ತಿದ್ದ ಹಿಂದಿನ ಜೋಡಿಯೂ, ಇಸ್ತ್ರಿಯವನೂ, ಅವನ ಜೊತೆ ಬಂದವಳೂ ಚಟ್ಟಕ್ಕೆ ಕೈ ಹಾಕಿದರು. ‘ಎತ್ರಪ್ಪಾ’ ಎನ್ನಲು ಮಾವ ಬಾಯಿ ತೆರೆಯುವ ಮೊದಲೇ, ಒಬ್ಬರ ಕೈ ಒಬ್ಬರು ನೋಡುತ್ತ, ನಾಲ್ವರೂ ಒಟ್ಟಿಗೆ ಎದ್ದರು. ದೇಹ ಒಂದಿಷ್ಟೂ ವಾಲಲಿಲ್ಲ.

ವ್ಯಾನಿನೊಳಗೆ ಬೇರೆ ಹೊದಿಕೆ ಹೊದಿಸಿ, ಆಸ್ಪತ್ರೆಗೆ ಮರಳಬೇಕಿದ್ದ ಲಾಂಡ್ರಿಯ ಬೆಡ್‌ಶೀಟನ್ನು ತೆಗೆದರು. ಇಸ್ತ್ರಿಯವ ಅದರ ಒಂದು ತುದಿ ಹಿಡಿದು ಇನ್ನೊಂದನ್ನು ಮಗಳ ಕಡೆ ಚಾಚಿದ. ಅವಳು ಹಿಡಿದುಕೊಂಡಳು. ಕೈ ನಡುಗುತ್ತಿತ್ತು, ಒಂದು ಮಡಿಕೆ ಹಾಕಲೂ ಆಗಲಿಲ್ಲ.

ವ್ಯಾನಿನವನು ಹಾರ್ನ್ ಹೊಡೆದ. ಇಸ್ತ್ರಿಯವ ತಿರುಗಿ ನೋಡಲಿಲ್ಲ. ಬಟ್ಟೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು, ಅವಳ ಕೈಗಳನ್ನೇ ನೋಡುತ್ತ ನಿಂತಿದ್ದ.